ಪಿಸಿಯಿಂದ ಕನ್ಸೋಲ್‌ಗೆ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್‌ನಲ್ಲಿ ಗೇಮ್ ಆಡಿ ಬೆಳೆದವರು ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ) ತಗೊಳ್ಳುವ ಮುಂಚೆ, ತಗೊಂಡ ಮೇಲೆ ಕೇಳುವ ಪ್ರಶ್ನೆಗಳು ಇವು. ಕೆಲವು ಹಾಸನದ ಕಾಲೇಜು ಹುಡುಗರದ್ದು, ಕೆಲವು ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟದ ಮನೆಗಳಿಂದ ಬಂದದ್ದು, ಒಂದೆರಡು ಅಪ್ಪ ಅಮ್ಮಂದಿರದ್ದು. ಕೇಳಿದ ಹಾಗೇ ಬರೆದಿದ್ದೇನೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಟೆರಾಫ್ಲಾಪ್ ಅಂತ ಚಿಪ್ಪಿನ ವೇಗದ ಲೆಕ್ಕ ಹೇಳ್ತಾರೆ. ನಮ್ಮ ಕಡೆ ಅದಕ್ಕಿಂತ ಮೊದಲು ನೋಡಬೇಕಾದ್ದು ಕರೆಂಟು, ಇಂಟರ್ನೆಟ್ಟು, ಡಿಸ್ಕು. ಹಾಗಾಗಿ ಅವಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ತಗೊಳ್ಳಬೇಕಾ ಬೇಡವಾ

ಅಣ್ಣ, ಪಿಸಿ ಬಿಟ್ಟು ಕನ್ಸೋಲ್‌ಗೆ ಬಂದ್ರೆ ನಿಜವಾಗ್ಲೂ ಏನು ಲಾಭ?

ತಲೆನೋವು ಕಡಿಮೆ. ಡ್ರೈವರ್ ಅಪ್‌ಡೇಟ್, ‘ಈ ಗೇಮ್ ನನ್ನ ಪಿಸಿಯಲ್ಲಿ ಓಡುತ್ತಾ’ ಅನ್ನೋ ಅನುಮಾನ, ಆಡಲು ಕೂತ ಹೊತ್ತಿಗೆ ಸರಿಯಾಗಿ ಶುರುವಾಗುವ ವಿಂಡೋಸ್ ಅಪ್‌ಡೇಟ್, ಇವು ಯಾವುವೂ ಇರಲ್ಲ. ಬಟನ್ ಒತ್ತಿದರೆ ನಿನ್ನೆ ನಿಲ್ಲಿಸಿದ ಜಾಗದ ಹತ್ತಿರಕ್ಕೇ ಬರ್ತೀರಿ. ಕೆಲಸ ಮುಗಿಸಿ ಬಂದು ಒಂದು ಗಂಟೆ ಆಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಸೋನಿಯವರ ಕೆಲವು ದೊಡ್ಡ ಗೇಮ್‌ಗಳು ಕನ್ಸೋಲ್‌ಗೆ ಮೊದಲು ಬರುತ್ತವೆ. ಸ್ಪೈಡರ್-ಮ್ಯಾನ್ 2 ಸೋನಿಯ ಪ್ಲೇಸ್ಟೇಷನ್ 5 ಅಂದರೆ ಪಿಎಸ್5ಗೆ 2023ರ ಅಕ್ಟೋಬರ್‌ನಲ್ಲಿ ಬಂತು, ಪಿಸಿಗೆ ಬಂದದ್ದು 2025ರ ಜನವರಿಯಲ್ಲಿ. ಅಷ್ಟು ದಿನ ಕಾಯುವ ತಾಳ್ಮೆ ಇದ್ದವರಿಗೆ ಇದೊಂದು ಕಾರಣವೇ ಅಲ್ಲ.

ಕಳೆದುಕೊಳ್ಳುವುದೂ ಇದೆ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ನಲ್ಲಿ ಸಿಗುವ ಅಗ್ಗದ ಬೆಲೆ, ಮಾಡ್‌ಗಳು (ಆಟಗಾರರೇ ಗೇಮ್‌ಗೆ ಮಾಡುವ ಬದಲಾವಣೆಗಳು), ಸೆಟ್ಟಿಂಗ್ಸ್ ಕೆದಕುವ ಸ್ವಾತಂತ್ರ್ಯ. ಮತ್ತೆ, ಹೇಳಿಬಿಡ್ತೀನಿ, ಕ್ರ್ಯಾಕ್ ಮಾಡಿದ ಗೇಮ್ ಹಾಕಿಸಿಕೊಂಡು ಆಡುವ ರೂಢಿ ಇದ್ದರೆ ಅದೂ ಇಲ್ಲಿಗೆ ಮುಗಿಯಿತು. ಗೇಮ್‌ಗೆ ದುಡ್ಡು ಇಡಬೇಕು.

ಹಳೇ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕೋದಾ, ಅದೇ ದುಡ್ಡಲ್ಲಿ ಕನ್ಸೋಲ್ ತಗೊಳ್ಳೋದಾ?

ಪಿಸಿ ಎಷ್ಟು ಹಳೆಯದು ಅನ್ನೋದರ ಮೇಲೆ. ಪಿಎಸ್5ನಲ್ಲಿ ಎಂಟು ಕೋರ್‌ನ ಎಎಂಡಿ ಪ್ರೊಸೆಸರ್, 16 ಜಿಬಿ ಮೆಮೊರಿ, ವೇಗದ ಎಸ್‌ಎಸ್‌ಡಿ ಇದೆ. ಗ್ರಾಫಿಕ್ಸ್ ಹೆಚ್ಚುಕಮ್ಮಿ ಪಿಸಿಯ ಆರ್‌ಟಿಎಕ್ಸ್ 2070 ಸೂಪರ್ ಕಾರ್ಡಿನ ಮಟ್ಟದ್ದು. ನಿಮ್ಮ ಪ್ರೊಸೆಸರ್ ಮೂರು ನಾಲ್ಕು ವರ್ಷದ ಒಳಗಿನದ್ದಾದರೆ ಕಾರ್ಡ್ ಮಾತ್ರ ಬದಲಾಯಿಸಿ, ಸಾಕು. ಹತ್ತು ವರ್ಷದ ಪಿಸಿಯಾದರೆ ಕಾರ್ಡ್ ಹಾಕಿದ ಮೇಲೆ ಪವರ್ ಸಪ್ಲೈ ಸಾಲಲ್ಲ, ಆಮೇಲೆ ಪ್ರೊಸೆಸರ್ ಸಾಲಲ್ಲ, ಅದಕ್ಕೆ ಹೊಸ ಬೋರ್ಡ್, ಹೊಸ ರ‍್ಯಾಮ್ ಬೇಕು. ಕಡೆಗೆ ಉಳಿಯೋದು ಕ್ಯಾಬಿನೆಟ್ ಒಂದೇ. ಇನ್ನೊಂದು, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಬೋರ್ಡ್‌ನಲ್ಲಿ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಇಲ್ಲದಿದ್ದರೆ ವಿಂಡೋಸ್ 11 ನೇರವಾಗಿ ಹಾಕೋಕೆ ಬಿಡಲ್ಲ. ಇಂಥವರು ಕನ್ಸೋಲ್ ಕಡೆ ನೋಡೋದೇ ಸರಿ.

ಸ್ಟೀಮ್‌ನಲ್ಲಿ ದುಡ್ಡು ಕೊಟ್ಟು ತಗೊಂಡಿರೋ ಗೇಮ್ಸ್ ಎಲ್ಲಾ ಕನ್ಸೋಲ್‌ನಲ್ಲೂ ಸಿಗುತ್ತಾ?

ಇಲ್ಲ. ಅದೇ ಗೇಮ್ ಬೇಕಾದರೂ ಮತ್ತೆ ದುಡ್ಡು ಕೊಡಬೇಕು. ಸ್ವಲ್ಪ ರಿಯಾಯಿತಿ ಇರೋದು ಎಕ್ಸ್‌ಬಾಕ್ಸ್ ಕಡೆ ಮಾತ್ರ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ‘ಪ್ಲೇ ಎನಿವೇರ್’ ಎಂದು ಇರುವ ಗೇಮ್ ಒಮ್ಮೆ ತಗೊಂಡರೆ ವಿಂಡೋಸ್‌ನಲ್ಲೂ ಎಕ್ಸ್‌ಬಾಕ್ಸ್‌ನಲ್ಲೂ ಆಡಬಹುದು. ಸ್ಟೀಮ್‌ನಲ್ಲಿ ತಗೊಂಡದ್ದಕ್ಕೆ ಇದು ಅನ್ವಯಿಸಲ್ಲ.

ನಾನು ಆಡೋದು ವ್ಯಾಲೊರಂಟು, ಸಿಎಸ್ (ಕೌಂಟರ್-ಸ್ಟ್ರೈಕ್) ಅಷ್ಟೇ. ನಂಗೂ ಕನ್ಸೋಲ್ ಬೇಕಾ ಗುರು?

ಬೇಡ. ಕೌಂಟರ್-ಸ್ಟ್ರೈಕ್ 2, ಡೋಟಾ 2 ಕನ್ಸೋಲ್‌ಗೆ ಬಂದಿಲ್ಲ. ವ್ಯಾಲೊರಂಟ್ 2024ರಲ್ಲಿ ಕನ್ಸೋಲ್‌ಗೆ ಬಂತು, ಆದರೆ ಪಿಸಿಯಲ್ಲಿ ಆಡುವ ನಿಮ್ಮ ಗ್ಯಾಂಗ್ ಜೊತೆ ಅದರಲ್ಲಿ ಆಡೋಕಾಗಲ್ಲ. ಆ ದುಡ್ಡಲ್ಲಿ ಒಳ್ಳೇ ಮಾನಿಟರ್ ತಗೊಳ್ಳಿ.

ಆನ್‌ಲೈನ್ ಗೇಮ್ ಎಲ್ಲಾ ಬ್ಯಾನ್ ಆಗಿದೆ ಅಂತಾರಲ್ಲ ಸಾರ್, ಮಗನಿಗೆ ಇದನ್ನ ಕೊಡಿಸಿದ್ರೆ ತೊಂದ್ರೆ ಇಲ್ವಾ?

2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ರಮ್ಮಿ, ಬೆಟ್ಟಿಂಗ್ ತರದವು. ಕನ್ಸೋಲ್ ಗೇಮ್‌ಗಳಿಗೂ ಅದಕ್ಕೂ ಸಂಬಂಧ ಇಲ್ಲ.

ನೀವು ನೋಡಬೇಕಾದ್ದು ಬೇರೆ. ಡಿಸ್ಕ್ ಡಬ್ಬಿಯ ಮೇಲೆ ವಯಸ್ಸಿನ ಗುರುತು ಇರುತ್ತದೆ. 18 ಎಂದು ಇದ್ದರೆ ಅದು ಹತ್ತು ವರ್ಷದ ಹುಡುಗನಿಗಲ್ಲ. ಮಗನಿಗೆ ನಿಮ್ಮ ಅಕೌಂಟ್ ಕೊಡಬೇಡಿ, ಅವನ ಹುಟ್ಟಿದ ದಿನ ಸರಿಯಾಗಿ ಹಾಕಿ ಮಕ್ಕಳ ಅಕೌಂಟ್ ಮಾಡಿ. ಆಗ ದಿನಕ್ಕೆ ಎಷ್ಟು ಹೊತ್ತು ಆಡಬಹುದು, ತಿಂಗಳಿಗೆ ಎಷ್ಟು ಖರ್ಚು ಮಾಡಬಹುದು ಅನ್ನೋದನ್ನ ನಿಮ್ಮ ಫೋನ್‌ನಿಂದಲೇ ಗೊತ್ತುಮಾಡಬಹುದು. ಬ್ಯಾಂಕ್ ಕಾರ್ಡ್ ನಂಬರ್ ಮಾತ್ರ ಕನ್ಸೋಲ್‌ನಲ್ಲಿ ಉಳಿಸಬೇಡಿ.

## ಕೊಳ್ಳುವಾಗ

ಪಿಎಸ್5, ಎಕ್ಸ್‌ಬಾಕ್ಸ್, ನಿಂಟೆಂಡೊ. ಯಾವುದಾದ್ರೂ ಒಂದು ಹೇಳಿ.

ಪಿಎಸ್5. ಕಾರಣ ತಾಂತ್ರಿಕವಾದದ್ದಲ್ಲ. ನಿಮ್ಮ ಅಕ್ಕಪಕ್ಕ ಕನ್ಸೋಲ್ ಇರುವವರಲ್ಲಿ ಹೆಚ್ಚಿನವರ ಹತ್ತಿರ ಇರೋದು ಅದೇ. ಡಿಸ್ಕ್ ಬದಲಾಯಿಸಿಕೊಳ್ಳಲು, ಕಂಟ್ರೋಲರ್ ಕಡ ಕೇಳಲು ಜನ ಸಿಗ್ತಾರೆ. ಪಿಎಸ್4ನ ಗೇಮ್‌ಗಳೂ ಕೆಲವನ್ನು ಬಿಟ್ಟು ಎಲ್ಲಾ ಅದರಲ್ಲಿ ಓಡುತ್ತವೆ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಪುಟ್ಟದು, ಕರೆಂಟ್ ಕಡಿಮೆ ತಿನ್ನುತ್ತದೆ. ಆದರೆ ಅದಕ್ಕೆ ಡಿಸ್ಕ್ ಡ್ರೈವ್ ಇಲ್ಲ, 512 ಜಿಬಿ ಮಾದರಿಯಲ್ಲಿ ನಮಗೆ ಸಿಗೋದು 364 ಜಿಬಿ. ಚಂದಾ ಕಟ್ಟಿ ಗೇಮ್ ಆಡುವ ಗೇಮ್ ಪಾಸ್ ನಂಬಿಕೊಂಡು ತಗೊಳ್ಳೋದಾದರೆ, 2025ರ ಅಕ್ಟೋಬರ್‌ನಲ್ಲಿ ಅದರ ಹಂತಗಳ ಹೆಸರು ಬದಲಾಗಿ ಎಲ್ಲಕ್ಕಿಂತ ಮೇಲಿನ ಅಲ್ಟಿಮೇಟ್ ಹಂತದ ದರ ಏರಿದ್ದನ್ನು ಗಮನದಲ್ಲಿಡಿ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಕನ್ಸೋಲ್ ಮಾರುವುದಿಲ್ಲ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಇಲ್ಲಿ ಸಿಕ್ಕರೂ ಅದು ಹೊರಗಿನಿಂದ ತಂದದ್ದು, ವಾರಂಟಿ ಇಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಅದರ ಗೇಮ್‌ಗಳೇ ಚೆಂದ, ಆದರೆ ಕೆಟ್ಟರೆ ನಿಮ್ಮ ಹಣೆಬರಹ.

ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಮಾದರಿ ತಗೊಂಡ್ರೆ ದುಡ್ಡು ಉಳಿಯುತ್ತಲ್ಲ, ಡಿಸ್ಕ್ ಇರೋದು ಯಾಕೆ?

ಈ ಪಟ್ಟಿಯಲ್ಲಿ ನಾನು ಹಟ ಹಿಡಿದು ಹೇಳುವುದು ಇದೊಂದೇ: ಡಿಸ್ಕ್ ಡ್ರೈವ್ ಇರುವುದನ್ನೇ ತಗೊಳ್ಳಿ.

ಪಿಎಸ್5 2021ರ ಫೆಬ್ರವರಿ 2ರಂದು ಭಾರತಕ್ಕೆ ಬಂದಾಗ ಡಿಸ್ಕ್ ಇರುವುದಕ್ಕೆ 49,990 ರೂಪಾಯಿ, ಡಿಜಿಟಲ್‌ಗೆ 39,990. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಎಂಬ ಚಿಕ್ಕ ಮಾದರಿ ಬಂದಾಗ 54,990 ಮತ್ತು 44,990. ಆ ಎರಡು ಸಲವೂ ಅಂತರ ಹತ್ತೇ ಸಾವಿರ ಇತ್ತು. ಈಗ ಗೇಮ್ ಲೆಕ್ಕ ಹಾಕಿ. ಸೋನಿಯ ಹೊಸ ಗೇಮ್ ಒಂದಕ್ಕೆ ಸುಮಾರು ಐದು ಸಾವಿರ. ಡಿಜಿಟಲ್ ಆದರೆ ಮುಗಿಸಿದ ಮೇಲೆ ಅದು ನಿಮ್ಮ ಅಕೌಂಟ್‌ನಲ್ಲಿ ಸುಮ್ನೆ ಕೂತಿರುತ್ತದೆ. ಡಿಸ್ಕ್ ಆದರೆ ಬೇಗ ಮುಗಿಸಿ ಮಾರಿದರೆ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂದರೂ ಬರಬಹುದು. ಇಲ್ಲವೇ ಗೆಳೆಯರು ಸೇರಿ ಬೇರೆ ಬೇರೆ ಗೇಮ್ ತಗೊಂಡು ಬದಲಾಯಿಸಿಕೊಂಡು ಆಡ್ತೀರಿ. ನಾಲ್ಕೈದು ಗೇಮ್ ಆಗುವಷ್ಟರಲ್ಲಿ ಅಂಥ ಅಂತರ ವಸೂಲಿ.

ಇನ್ನೊಂದು ಕಾರಣ ಇಂಟರ್ನೆಟ್. 100 ಜಿಬಿ ಗೇಮ್ ಇಳಿಸಲು 100 ಎಂಬಿಪಿಎಸ್ ಫೈಬರ್‌ನಲ್ಲಿ ಎರಡೂಕಾಲು ಗಂಟೆ ಬೇಕು. 30 ಎಂಬಿಪಿಎಸ್ ಆದರೆ ಏಳೂವರೆ ಗಂಟೆ. ದಿನಕ್ಕೆ 1.5 ಜಿಬಿ ಸಿಗುವ ಸಿಮ್‌ನಲ್ಲಿ ಎರಡು ತಿಂಗಳಾದರೂ ಮುಗಿಯಲ್ಲ. ಡಿಸ್ಕ್ ಹಾಕಿದರೆ ಗೇಮ್‌ನ ಹೆಚ್ಚಿನ ಭಾಗ ಅದರಿಂದಲೇ ಕಾಪಿ ಆಗುತ್ತದೆ. ಆಮೇಲೂ ಪ್ಯಾಚ್ (ಗೇಮ್‌ನ ತಪ್ಪು ತಿದ್ದುವ ಅಪ್‌ಡೇಟ್) ಎಂದು ಕೆಲವು ಜಿಬಿ ಕೇಳುತ್ತದೆ, ಕೆಲವು ಆನ್‌ಲೈನ್ ಗೇಮ್‌ಗಳ ಡಿಸ್ಕ್‌ನಲ್ಲಿ ಏನೂ ಇರಲ್ಲ, ಎಲ್ಲಾ ಇಳಿಸಿಕೊಳ್ಳಿ ಅನ್ನುತ್ತದೆ. ಒಬ್ಬನೇ ಆಡುವ ಕಥೆಯ ಗೇಮ್‌ಗಳಿಗೆ ಸಾಮಾನ್ಯವಾಗಿ ಆ ಕಷ್ಟ ಇಲ್ಲ.

ಸ್ಲಿಮ್ ಡಿಜಿಟಲ್‌ಗೆ ಡ್ರೈವ್ ಆಮೇಲೆ ಜೋಡಿಸಬಹುದು ಅಂತ ಅಂಗಡಿಯವರು ಹೇಳ್ತಾರೆ, ಅದು ನಿಜ. ಜೋಡಿಸಿದಾಗ ಒಂದು ಸಲ ಇಂಟರ್ನೆಟ್ ಬೇಕು. ಹಾಗೆ ಹೇಳಿದವರಿಗೆ, ‘ಸರಿ, ಆ ಡ್ರೈವ್ ನಿಮ್ಮತ್ರ ಈಗ ಇದ್ಯಾ, ಎಷ್ಟು?’ ಅಂತ ಕೇಳಿ ನೋಡಿ.

ಹಾಸನದಲ್ಲೇ ತಗೊಳ್ಳೋದಾ, ಆನ್‌ಲೈನಲ್ಲಿ ತರಿಸೋದಾ?

ಬೆಲೆ ಸಾಮಾನ್ಯವಾಗಿ ಒಂದೇ. ದೀಪಾವಳಿ ಹೊತ್ತಿಗೆ ಆಫರ್ ಬರುತ್ತದೆ, ಕಾಯೋಕಾದರೆ ಕಾಯಿರಿ. ಎಲ್ಲಿ ತಗೊಂಡರೂ ಜಿಎಸ್‌ಟಿ ಬಿಲ್ ಇರಲಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿ, ಅದು ಡಬ್ಬಿಯದಕ್ಕೆ ತಾಳೆಯಾಗಲಿ. ವಾರಂಟಿ ಒಂದು ವರ್ಷ. ರಿಪೇರಿ ಬಂದರೆ ಎಲ್ಲಿಗೆ ಕಳಿಸ್ತೀರಿ, ಯಾರು ಕಳಿಸ್ತಾರೆ ಎಂದು ಅಂಗಡಿಯಲ್ಲಿ ಮೊದಲೇ ಕೇಳಿ. ಹಾಸನದಿಂದ ಬೆಂಗಳೂರು 180 ಕಿಲೋಮೀಟರ್ ಮೇಲೆ. ಕನ್ಸೋಲ್ ಹೊತ್ತುಕೊಂಡು ನೀವೇ ಬಸ್ ಹತ್ತುವ ಹಾಗಾಗಬಾರದು.

ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೋದಾಗ ಏನೇನು ನೋಡ್ಬೇಕು?

ಮೊದಲು ಟಾರ್ಚ್ ಹಿಡಿದು ಗಾಳಿ ಹೋಗುವ ಸಂದುಗಳ ಒಳಗೆ ನೋಡಿ. ಧೂಳು ಎಲ್ಲರ ಮನೆಯಲ್ಲೂ ಇರುತ್ತದೆ. ಸಣ್ಣ ಕಪ್ಪು ಹಿಕ್ಕೆ ಕಾಣಿಸಿದರೆ ಜಿರಳೆ ಹೊಕ್ಕಿದೆ ಎಂದರ್ಥ. ಕನ್ಸೋಲ್ ಒಳಗೆ ಬೆಚ್ಚಗಿರುತ್ತದೆ ನೋಡಿ, ಮಳೆಗಾಲದಲ್ಲಿ ಅವಕ್ಕೆ ಒಳ್ಳೇ ಮನೆ. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಆಮೇಲೆ ಟಿವಿಗೆ ಹಾಕಿಸಿ. ಚಿತ್ರ ಬಂದ ಮೇಲೆ ಎಚ್‌ಡಿಎಂಐ ಕೇಬಲ್ಲನ್ನು ಕನ್ಸೋಲ್ ಕಡೆ ಮೆಲ್ಲಗೆ ಅಲ್ಲಾಡಿಸಿ. ಚಿತ್ರ ಹೋಗಿ ಬಂದರೆ ಪೋರ್ಟ್ ಸಡಿಲ. ಡಿಸ್ಕ್ ಹಾಕಿ ತೆಗೆಯಿರಿ. ದೊಡ್ಡ ಗೇಮ್ ಒಂದನ್ನು ಅರ್ಧ ಗಂಟೆ ಓಡಿಸಿ ಫ್ಯಾನ್ ಸದ್ದು ಕೇಳಿ. ಮುಖ್ಯವಾಗಿ, ಮಾರುವವರ ಎದುರಿಗೇ ನಿಮ್ಮ ಅಕೌಂಟ್‌ನಿಂದ ಆನ್‌ಲೈನ್ ಲಾಗಿನ್ ಮಾಡಿ. ಕಂಪನಿ ನಿಷೇಧಿಸಿದ ಕನ್ಸೋಲ್ ಆದರೆ ಅಲ್ಲೇ ಗೊತ್ತಾಗುತ್ತದೆ. ಅವರ ಅಕೌಂಟ್ ಅಳಿಸಿ ಪೂರ್ತಿ ರೀಸೆಟ್ ಮಾಡಿದ ಮೇಲೆ ದುಡ್ಡು ಕೊಡಿ. ‘ಅಕೌಂಟಲ್ಲಿ ಇಪ್ಪತ್ತು ಗೇಮ್ ಇದೆ, ಅದೂ ಇಟ್ಕೊಳಿ’ ಅಂದರೆ ಅದಕ್ಕೆ ಬೆಲೆ ಕಟ್ಟಬೇಡಿ. ಪಾಸ್‌ವರ್ಡ್ ಅವರು ನಾಳೆ ಬದಲಾಯಿಸಬಹುದು.

ಜಿಟಿಎ 6ಗೋಸ್ಕರ ಈಗ್ಲೇ ತಗೊಳ್ಲಾ?

ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿರುವ ಗೇಮ್ ಅದು. ಕೊನೆಗೆ ಹೇಳಿದ ದಿನ 2026ರ ನವೆಂಬರ್ 19, ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಜಿಟಿಎ 5 ಕನ್ಸೋಲ್‌ಗೆ 2013ರಲ್ಲಿ ಬಂದು ಪಿಸಿಗೆ 2015ರಲ್ಲಿ ಬಂದಿತ್ತು. ಅದೊಂದಕ್ಕೇ ಕನ್ಸೋಲ್ ತಗೊಳ್ಳೋರು ಗೇಮ್ ಅಂಗಡಿಗೆ ಬಂದ ದಿನ ತಗೊಂಡರೆ ಸಾಕು.

ನಮ್ಮ ಮನೇಲಿರೋ ಟಿವಿ ಸಾಕಾ? ಪಿಸಿ ಮಾನಿಟರ್‌ಗೇ ಹಾಕಬಹುದಾ?

ಎಚ್‌ಡಿಎಂಐ ಇದ್ದರೆ ಎರಡೂ ಆಗುತ್ತದೆ. ಫುಲ್ ಎಚ್‌ಡಿ ಟಿವಿಯಲ್ಲೂ ಪಿಎಸ್5 ಚೆನ್ನಾಗೇ ಕಾಣುತ್ತದೆ, ಬರೀ ಇದಕ್ಕೋಸ್ಕರ 4ಕೆ ಟಿವಿ ತರಬೇಡಿ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕೋದನ್ನ ಮಾತ್ರ ಮರೀಬೇಡಿ. ಹಾಕದಿದ್ದರೆ ಬಟನ್ ಒತ್ತಿ ಒಂದು ಕ್ಷಣ ಆದ ಮೇಲೆ ಹೀರೋ ಜಿಗಿಯುತ್ತಾನೆ. ಪಿಸಿಯಿಂದ ಬಂದವರಿಗೆ ಮೊದಲ ದಿನ ಆಗುವ ಬೇಜಾರಿನಲ್ಲಿ ಅರ್ಧ ಇದರಿಂದಲೇ.

ಮಾನಿಟರ್ ಆದರೆ, ಫುಲ್ ಎಚ್‌ಡಿಗೂ 4ಕೆಗೂ ನಡುವಿನ 1440ಪಿ ಬೆಂಬಲ ಪಿಎಸ್5ಗೆ 2022ರಲ್ಲಿ ಬಂತು. ಡಿಸ್‌ಪ್ಲೇಪೋರ್ಟ್ ಇಲ್ಲ. ಸ್ಪೀಕರ್ ಇಲ್ಲದ ಮಾನಿಟರ್‌ಗೆ ಕಂಟ್ರೋಲರ್‌ನಲ್ಲೇ ಇರುವ ತೂತಿಗೆ ವೈರಿನ ಇಯರ್‌ಫೋನ್ ಹಾಕಿದರಾಯ್ತು.

## ಮನೆ, ಮಳೆ, ಕರೆಂಟು

ಮಳೆಗಾಲದಲ್ಲಿ ಕರೆಂಟ್ ಹೋಗ್ತಾ ಬರ್ತಾ ಇರುತ್ತೆ. ಆಡ್ತಿರುವಾಗ ಹೋದ್ರೆ ಹಾಳಾಗುತ್ತಾ?

ಒಂದು ಸಲ ಹೋದ ಮಾತ್ರಕ್ಕೆ ಹಾಳಾಗಲ್ಲ. ಮತ್ತೆ ಆನ್ ಮಾಡಿದಾಗ ಸರಿಯಾಗಿ ಆಫ್ ಮಾಡಿಲ್ಲ ಅಂತ ಬೈದು, ಸ್ಟೋರೇಜ್ ಪರೀಕ್ಷೆ ಮಾಡಿಕೊಂಡು ಮುಂದೆ ಹೋಗುತ್ತದೆ. ಸೇವ್ ಆಗುತ್ತಿರುವಾಗ ಅಥವಾ ಸಿಸ್ಟಮ್ ಅಪ್‌ಡೇಟ್ ಆಗುತ್ತಿರುವಾಗ ಹೋದರೆ ಮಾತ್ರ ಕಷ್ಟ. ಹಾಗಾಗಿ ಮೋಡ ಕಟ್ಟಿದ ಸಂಜೆ ಅಪ್‌ಡೇಟ್‌ಗೆ ಕೈ ಹಾಕಬೇಡಿ. ರೆಸ್ಟ್ ಮೋಡ್‌ನಲ್ಲಿ (ಪೂರ್ತಿ ಆಫ್ ಆಗದೆ ಅರೆನಿದ್ರೆಯಲ್ಲಿರುವ ಸ್ಥಿತಿ) ಬಿಟ್ಟು ಮಲಗುವ ಅಭ್ಯಾಸವನ್ನೂ ಮಳೆಗಾಲ ಮುಗಿಯುವವರೆಗೆ ಬಿಡಿ, ಪೂರ್ತಿ ಆಫ್ ಮಾಡಿ. ದುರಸ್ತಿಗಾಗಿ ಕರೆಂಟ್ ತೆಗೆಯುವ ದಿನ ಹಾಸನದಲ್ಲಿ ಸೆಸ್ಕ್‌ನದ್ದು, ಚಿಕ್ಕಮಗಳೂರಲ್ಲಿ ಮೆಸ್ಕಾಂನದ್ದು ಪೇಪರ್‌ನಲ್ಲಿ ಬರುತ್ತದೆ, ಕಣ್ಣಾಡಿಸಿ.

ಯುಪಿಎಸ್ ತಗೊಳ್ಳೋದು ಒಳ್ಳೇದು. ಪಿಎಸ್5 ದೊಡ್ಡ ಗೇಮ್ ಓಡಿಸುವಾಗ 200 ವಾಟ್ ಆಸುಪಾಸು ಎಳೆಯುತ್ತದೆ. ಟಿವಿಗೆ ಇನ್ನೊಂದು 100 ಇಟ್ಟುಕೊಳ್ಳಿ. ಪಿಸಿಗೆ ಹಾಕುವ 600 ವಿಎ ಯುಪಿಎಸ್ ಇದನ್ನು ಕೆಲವು ನಿಮಿಷ ಹೊರುತ್ತದೆ. ಸೇವ್ ಮಾಡಿ ಆಫ್ ಮಾಡಲು ಅಷ್ಟು ಸಾಕು. ಹಳೇ ಪಿಸಿಯ ಯುಪಿಎಸ್ ಇದ್ದರೆ ಬ್ಯಾಟರಿ ಹೊಸದು ಹಾಕಿಸಿ ಅದನ್ನೇ ಬಳಸಿ. ಮನೆಯ ಇನ್ವರ್ಟರ್‌ನಲ್ಲಿ ಆಡ್ತೀನಿ ಅನ್ನುವವರು ಅದು ಸೈನ್ ವೇವ್ ಹೌದಾ ನೋಡಿ. ಸ್ಕ್ವೇರ್ ವೇವ್ ಆದರೆ ಕನ್ಸೋಲ್ ಹಾಕಬೇಡಿ.

ವೋಲ್ಟೇಜ್ ಕಡಿಮೆ ಆಗುವುದಕ್ಕೆ ಹೆದರಬೇಡಿ, ಪಿಎಸ್5 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ. ಹೆದರಬೇಕಾದ್ದು ಸಿಡಿಲಿಗೆ. ನಮ್ಮ ಕಡೆ ಅದು ಜುಲೈನ ಜಡಿಮಳೆಯಲ್ಲಿ ಅಲ್ಲ, ಏಪ್ರಿಲ್ ಮೇ ತಿಂಗಳ ಗುಡುಗಿನ ಮಳೆಯಲ್ಲಿ ಜಾಸ್ತಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಪ್ಲಗ್ ಕಿತ್ತರೂ ಒಂದು ದಾರಿ ಉಳಿಯುತ್ತದೆ. ಚಾವಣಿಯ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಕೇಬಲ್‌ನಲ್ಲಿ ಕನ್ಸೋಲ್‌ಗೆ ಬರಬಹುದು. ಡಿಶ್ ವೈರನ್ನೂ ಎಚ್‌ಡಿಎಂಐಯನ್ನೂ ಬಿಚ್ಚಿಡಿ. ಸ್ಪೈಕ್ ಗಾರ್ಡ್ ಹಾಕಿದ್ದೀನಲ್ಲ ಅಂದರೆ, ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದರಿಂದ ದೊಡ್ಡ ಪ್ರಯೋಜನ ಇಲ್ಲ. ಹಳೇ ತೊಟ್ಟಿಮನೆಗಳಲ್ಲಿ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ನೋಡಿಸಿ.

ಕರೆಂಟ್ ಬಿಲ್ ಜಾಸ್ತಿ ಬರುತ್ತಾ? ನಮ್ಮದು ಗೃಹಜ್ಯೋತಿ.

ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ ಕನ್ಸೋಲ್‌ನಿಂದ 12 ಯೂನಿಟ್, ಟಿವಿ ಬೇರೆ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಪಿಸಿ ಇದರ ಎರಡರಷ್ಟು ತಿನ್ನಬಹುದು, ಹಾಗಾಗಿ ಪಿಸಿ ಬಿಟ್ಟು ಬಂದವರಿಗೆ ಇಳಿಯುತ್ತದೆ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತಾದ ಮಿತಿ ದಾಟಿದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಅಂಚಿನಲ್ಲಿರುವವರು ಗೀಸರ್ ಕಡೆ ನೋಡಿ, ಕನ್ಸೋಲ್ ಕಡೆ ಅಲ್ಲ.

ಮೂಡಿಗೆರೆ ಹತ್ರ ತೋಟದ ಮನೆ. ಫೈಬರ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ನಡಿಯುತ್ತಾ?

ಕಥೆಯ ಗೇಮ್‌ಗಳಾದರೆ ಆರಾಮಾಗಿ ನಡೆಯುತ್ತದೆ. ಡಿಸ್ಕ್ ತಗೊಳ್ಳಿ. ಪ್ಯಾಚ್, ಡಿಜಿಟಲ್ ಗೇಮ್ ಬೇಕಾದಾಗ ಕನ್ಸೋಲ್ಲನ್ನೇ ಬ್ಯಾಗಿಗೆ ಹಾಕಿಕೊಂಡು ಪೇಟೆಯಲ್ಲಿ ಫೈಬರ್ ಇರುವ ನೆಂಟರ ಮನೆಗೆ ಹೋಗಿ ರಾತ್ರಿ ಇಳಿಸಿಕೊಂಡು ಬನ್ನಿ. ಹೀಗೆ ಮಾಡುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತರೂ ನಿಂತಲ್ಲಿಂದ ಮುಂದುವರಿಯುತ್ತದೆ. ಒಮ್ಮೆ ಇಳಿಸಿದ ಗೇಮ್ ಅಳಿಸುವ ಬದಲು ಯುಎಸ್‌ಬಿ ಹಾರ್ಡ್‌ಡಿಸ್ಕ್‌ಗೆ ಸರಿಸಿಡಿ. ಪಿಎಸ್5 ಗೇಮ್ ಅದರಿಂದ ನೇರ ಆಡೋಕಾಗಲ್ಲ, ಆದರೆ ವಾಪಸ್ ಕಾಪಿ ಮಾಡೋಕೆ ನಿಮಿಷಗಳು ಸಾಕು.

ಡಿಜಿಟಲ್ ಗೇಮ್ ಇಂಟರ್ನೆಟ್ ಇಲ್ಲದೆ ತೆರೆಯಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ‘ಕನ್ಸೋಲ್ ಶೇರಿಂಗ್ ಆ್ಯಂಡ್ ಆಫ್‌ಲೈನ್ ಪ್ಲೇ’ ಆನ್ ಆಗಿರಬೇಕು. ಪೇಟೆಯಲ್ಲಿ ಇರುವಾಗಲೇ ನೋಡಿಕೊಳ್ಳಿ.

ಆನ್‌ಲೈನ್ ಆಟಕ್ಕೆ ಡೇಟಾ ಅಷ್ಟೇನೂ ಬೇಡ. ಬೇಕಾದ್ದು ಒಳ್ಳೇ ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರಲು ಕಡಿಮೆ ಹೊತ್ತು. ಮಂಜು ಮಳೆಯಲ್ಲಿ ಟವರ್ ಒಂದು ಕಡ್ಡಿಗೆ ಇಳಿದಾಗ ಶೂಟಿಂಗ್ ಗೇಮ್ ಆಡಿ ಸಿಟ್ಟು ಮಾಡಿಕೊಳ್ಳುವುದಕ್ಕಿಂತ ಬೇರೆ ಗೇಮ್ ಆಡಿ. ಮೊಬೈಲ್ ಇಂಟರ್ನೆಟ್‌ನಲ್ಲಿ ಬೇರೆ ಆಟಗಾರರ ಜೊತೆ ಸಂಪರ್ಕಕ್ಕೆ ಅಡ್ಡಿ ಇದೆ ಅನ್ನುವ ನ್ಯಾಟ್ ಟೈಪ್ 3 ಎಂದು ತೋರಿಸಿ ಗೆಳೆಯರ ಮಾತು ಕೇಳದೇ ಹೋಗುವುದೂ ಉಂಟು. ಒಂದೇ ಐಪಿಯನ್ನು ಕಂಪನಿ ತುಂಬಾ ಜನರಿಗೆ ಹಂಚುವುದರಿಂದ ಹಾಗೆ, ನಿಮ್ಮ ಕನ್ಸೋಲ್ ತಪ್ಪಲ್ಲ.

ಮಳೆಗಾಲದಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುತ್ತೆ, ಕನ್ಸೋಲ್‌ಗೆ ಏನೂ ಆಗಲ್ವಾ?

ಆಡುತ್ತಾ ಇದ್ದರೆ ಏನೂ ಆಗಲ್ಲ. ಅದರ ಬಿಸಿಗೇ ಒಳಗೆ ಒಣಗಿರುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಷೋಕೇಸ್ ಒಳಗೆ, ಅದೂ ಪ್ಲಾಸ್ಟಿಕ್ ಕವರ್ ಸುತ್ತಿ ಇಟ್ಟರೆ ತೇವ ಹಿಡಿಯುತ್ತದೆ. ಹೊರಗೆ, ಗೋಡೆಯಿಂದ ಸ್ವಲ್ಪ ದೂರ ಇಡಿ. ಡಿಸ್ಕ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮಬ್ಬು ಹಿಡಿದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.

ಬೇಸಿಗೆಯಲ್ಲಿ ಧೂಳು. ಕಾಫಿ ಒಣಗಿಸುವ ಕಣದ ಪಕ್ಕದ ಮನೆಗಳಲ್ಲಿ ಇನ್ನೂ ಜಾಸ್ತಿ. ಪಿಎಸ್5ನ ಪಕ್ಕದ ಬಿಳಿ ತಟ್ಟೆ ಜಾರಿಸಿ ತೆಗೆದರೆ ಧೂಳು ಸೇರುವ ತೂತುಗಳು ಕಾಣುತ್ತವೆ, ಅಲ್ಲಿಗೆ ವ್ಯಾಕ್ಯೂಮ್ ಹಿಡಿಯಿರಿ. ಅಷ್ಟಕ್ಕೇ ನಿಲ್ಲಿಸಿ. ಪಿಸಿ ಬಿಚ್ಚಿ ಪೇಸ್ಟ್ ಹಚ್ಚಿ ಅಭ್ಯಾಸ ಇರುವವರ ಕೈ ಇಲ್ಲಿ ಕಡಿಯುತ್ತದೆ, ಆದರೆ ಇದರ ಚಿಪ್ ಮೇಲಿರೋದು ಪೇಸ್ಟ್ ಅಲ್ಲ, ದ್ರವ ಲೋಹ. ಬೋರ್ಡ್ ಮೇಲೆ ಹನಿ ಬಿದ್ದರೆ ಶಾರ್ಟ್.

## ಕೈಗೆ ಬಂದ ಮೇಲೆ

ಕಂಟ್ರೋಲರ್‌ನಲ್ಲಿ ಗುರಿ ಹಿಡಿಯೋಕೇ ಆಗ್ತಿಲ್ಲ. ಕೀಬೋರ್ಡ್ ಮೌಸ್ ಹಾಕ್ಕೊಬಹುದಾ?

ಫೋರ್ಟ್‌ನೈಟ್, ವಾರ್‌ಝೋನ್ ತರದ ಕೆಲವಕ್ಕೆ ಹಾಕಬಹುದು. ಬಿಡುವುದು ಬಿಡದಿರುವುದು ಗೇಮ್ ಮಾಡಿದವರ ಇಷ್ಟ. ಹೆಚ್ಚಿನ ಗೇಮ್‌ಗಳಲ್ಲಿ ಆಗಲ್ಲ.

ಕಂಟ್ರೋಲರ್ ಕಲಿಯಿರಿ, ಬರುತ್ತದೆ. ಮೌಸ್‌ನಲ್ಲಿ ಕೈ ಎಷ್ಟು ಸರಿಯಿತೋ ನೋಟ ಅಷ್ಟು ಸರಿಯುತ್ತದೆ. ಕಂಟ್ರೋಲರ್‌ನ ಕಡ್ಡಿಯಲ್ಲಿ (ಹೆಬ್ಬೆರಳಿನಿಂದ ಬಗ್ಗಿಸುವ ಸ್ಟಿಕ್) ಹಾಗಲ್ಲ, ಎಷ್ಟು ಬಗ್ಗಿಸಿದಿರೋ ಅಷ್ಟು ವೇಗವಾಗಿ ನೋಟ ತಿರುಗುತ್ತಲೇ ಇರುತ್ತದೆ. ಪಿಸಿಯವರು ಬಲಗಡೆಯ ಕಡ್ಡಿಯಲ್ಲೇ ತಲೆಗೆ ಗುರಿ ಇಡಲು ಒದ್ದಾಡ್ತಾರೆ. ಆ ಕಡ್ಡಿಯಿಂದ ಗುರಿಯನ್ನು ಹತ್ತಿರಕ್ಕೆ ಮಾತ್ರ ತಂದು ಬಿಟ್ಟುಬಿಡಿ. ಉಳಿದ ಚೂರನ್ನು ಎಡಗಡೆಯ ಕಡ್ಡಿಯಲ್ಲಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಸರಿಮಾಡಿ. ಸೆನ್ಸಿಟಿವಿಟಿ ಇಳಿಸಿ. ಡೆಡ್ ಝೋನ್ (ಕಡ್ಡಿ ಚೂರು ಅಲುಗಿದರೂ ಗೇಮ್ ಲೆಕ್ಕಕ್ಕೆ ತಗೊಳ್ಳದ ನಡುವಿನ ಜಾಗ) ಅನ್ನು, ಕಡ್ಡಿ ಮುಟ್ಟದೇ ಇದ್ದಾಗ ನೋಟ ಅಲುಗದಷ್ಟಕ್ಕೆ ಇಳಿಸಿ. ಗುರಿ ಹಿಡಿಯಲು ಗೇಮೇ ಸಹಾಯ ಮಾಡುವ ಏಮ್ ಅಸಿಸ್ಟ್ ಆಫ್ ಮಾಡುವ ಒಣ ಜಂಭ ಬೇಡ, ಅದು ಇರುವುದೇ ಈ ಕಡ್ಡಿಗಾಗಿ. ಗೈರೋ (ಕಂಟ್ರೋಲರ್ ಅಲುಗುವುದನ್ನು ಗುರುತಿಸುವ ಸೌಲಭ್ಯ) ಇರುವ ಗೇಮ್‌ನಲ್ಲಿ ಆನ್ ಮಾಡಿ ನೋಡಿ. ಕಂಟ್ರೋಲರ್ ಚೂರು ಓರೆ ಮಾಡಿ ಗುರಿ ತಿದ್ದುವುದು ಮೌಸ್ ಕೈಗೆ ಬೇಗ ಹತ್ತುತ್ತದೆ.

30 ಎಫ್‌ಪಿಎಸ್ (ಸೆಕೆಂಡಿಗೆ 30 ಚಿತ್ರ) ನೋಡಿ ಕಣ್ಣು ನೋಯ್ತಿದೆ. ಗ್ರಾಫಿಕ್ಸ್ ಸೆಟ್ಟಿಂಗ್ ಎಲ್ಲಿದೆ?

ಪಿಸಿ ತರ ಇಪ್ಪತ್ತು ಸ್ಲೈಡರ್ ಇರಲ್ಲ. ಹೆಚ್ಚಿನ ಹೊಸ ಗೇಮ್‌ಗಳಲ್ಲಿ ಎರಡು ಆಯ್ಕೆ ಇರುತ್ತದೆ: ಕ್ವಾಲಿಟಿ ಹಾಕಿದರೆ ಸಾಮಾನ್ಯವಾಗಿ 30, ಪರ್ಫಾರ್ಮೆನ್ಸ್ ಹಾಕಿದರೆ 60. ಪಿಎಸ್5ನ ಸಿಸ್ಟಮ್ ಸೆಟ್ಟಿಂಗ್‌ನಲ್ಲೇ ಒಮ್ಮೆ ಪರ್ಫಾರ್ಮೆನ್ಸ್ ಎಂದು ಇಟ್ಟರೆ ಅದನ್ನು ಪಾಲಿಸುವ ಗೇಮ್‌ಗಳು ತಾವೇ ಹಾಗೆ ಶುರುವಾಗುತ್ತವೆ.

ಬ್ಲೂಟೂತ್ ಇಯರ್‌ಬಡ್ಸ್ ಕನೆಕ್ಟ್ ಆಗ್ತಿಲ್ಲ, ಕೆಟ್ಟಿದ್ಯಾ?

ಕೆಟ್ಟಿಲ್ಲ. ಪಿಎಸ್5 ಆಗಲಿ ಎಕ್ಸ್‌ಬಾಕ್ಸ್ ಆಗಲಿ ಮಾಮೂಲಿ ಬ್ಲೂಟೂತ್ ಆಡಿಯೊ ತಗೊಳ್ಳುವುದಿಲ್ಲ. ವೈರಿನದ್ದು ಹಾಕಿ.

ಆನ್‌ಲೈನ್ ಆಡೋಕೆ ಮತ್ತೆ ದುಡ್ಡು ಕೊಡ್ಬೇಕಾ?! ಪಿಸಿಲಿ ಫ್ರೀ ಅಲ್ವಾ?

ಹೌದು, ಕೊಡಬೇಕು. ದುಡ್ಡು ಕೊಟ್ಟು ತಗೊಂಡ ಗೇಮ್ ಆನ್‌ಲೈನ್ ಆಡಲು ಪ್ಲೇಸ್ಟೇಷನ್ ಪ್ಲಸ್ ಅಥವಾ ಗೇಮ್ ಪಾಸ್ ಬೇಕು. ಫೋರ್ಟ್‌ನೈಟ್ ತರದ ಉಚಿತ ಗೇಮ್‌ಗಳಿಗೆ ಬೇಡ. ಪ್ಲಸ್‌ನಲ್ಲಿ ಇಲ್ಲಿ ಎಸೆನ್ಷಿಯಲ್, ಎಕ್ಸ್‌ಟ್ರಾ, ಡೀಲಕ್ಸ್ ಎಂದು ಮೂರು ಹಂತ. ಡಿಸ್ಕ್ ಕೊಳ್ಳುವವರಿಗೆ ಎಸೆನ್ಷಿಯಲ್ ಸಾಕು. ಒಂದೇ ಕನ್ಸೋಲ್‌ನಲ್ಲಿ ಅಣ್ಣ ತಮ್ಮ ಬೇರೆ ಬೇರೆ ಅಕೌಂಟ್ ಇಟ್ಟುಕೊಂಡಿದ್ದರೆ ಒಬ್ಬರು ತಗೊಂಡರೆ ಆಯ್ತು, ಇಬ್ಬರೂ ಆಡಬಹುದು.

## ಸ್ವಲ್ಪ ಪಳಗಿದವರಿಗೆ

ಬೇರೆ ದೇಶದ ಅಕೌಂಟ್ ಮಾಡಿದ್ರೆ ಗೇಮ್ ಕಡಿಮೆಗೆ ಸಿಗುತ್ತಂತೆ?

ಪ್ಲೇಸ್ಟೇಷನ್ ಅಕೌಂಟ್‌ನ ದೇಶ ಒಮ್ಮೆ ಹಾಕಿದರೆ ಮತ್ತೆ ಬದಲಾಗಲ್ಲ. ಭಾರತದ ಗಿಫ್ಟ್ ಕಾರ್ಡ್ ಆ ಅಕೌಂಟ್‌ಗೆ ಹತ್ತಲ್ಲ. ಇಲ್ಲಿ ತಗೊಂಡ ಡಿಸ್ಕ್‌ಗೆ ಅಲ್ಲಿಯ ಸ್ಟೋರ್‌ನ ಡಿಎಲ್‌ಸಿ (ಗೇಮ್‌ಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಕೂಡದೇ ಹೋಗಬಹುದು. ಇಂಡಿಯಾ ಎಂದೇ ಹಾಕಿ. ಸ್ಟೀಮ್‌ನಲ್ಲಿ ಎರಡು ಗಂಟೆ ಆಡಿ ವಾಪಸ್ ಕೊಡುವ ರೂಢಿಯೂ ಇಲ್ಲಿ ನಡೆಯಲ್ಲ. ಡೌನ್‌ಲೋಡ್ ಶುರುಮಾಡಿದ ಮೇಲೆ, ಗೇಮ್‌ನಲ್ಲೇ ದೋಷ ಇದ್ದರೆ ಹೊರತು, ದುಡ್ಡು ವಾಪಸ್ ಬರಲ್ಲ.

ಪಿಸಿಯ ಸೇವ್ ಫೈಲ್ ತರಬಹುದಾ?

ಕಾಪಿ ಮಾಡಿ ಹಾಕುವಂತಿಲ್ಲ. ಸೈಬರ್‌ಪಂಕ್ 2077, ಬಾಲ್ಡರ್ಸ್ ಗೇಟ್ 3ರಂಥವು ತಮ್ಮದೇ ಅಕೌಂಟ್ ಮೂಲಕ ಸೇವ್ ದಾಟಿಸುತ್ತವೆ. ಗೇಮ್ ಎರಡೂ ಕಡೆ ಇರಬೇಕು.

ಇದಕ್ಕಿಂತ ಮುಖ್ಯವಾದದ್ದನ್ನು ಯಾರೂ ಕೇಳಲ್ಲ. ಪಿಎಸ್5 ಗೇಮ್‌ನ ಸೇವ್ ಅನ್ನು ಪೆನ್‌ಡ್ರೈವ್‌ಗೆ ತೆಗೆದಿಡಲು ಬರುವುದಿಲ್ಲ. ಪ್ಲಸ್ ಇದ್ದರೆ ಕ್ಲೌಡ್‌ಗೆ ಹೋಗುತ್ತದೆ, ಇಲ್ಲದಿದ್ದರೆ ಕನ್ಸೋಲ್ ಕೆಟ್ಟ ದಿನ ಅದೂ ಹೋಯಿತು. ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್ ಸೇವ್ ಉಚಿತ.

ಪಿಸಿಯಲ್ಲಿದ್ದ ಎಸ್‌ಎಸ್‌ಡಿ ಪಿಎಸ್5ಗೆ ಹಾಕಬಹುದಾ?

ಎಂ.2 ಎನ್‌ವಿಎಂಇ ತರದ್ದು, ಅದೂ ನಾಲ್ಕನೇ ಪೀಳಿಗೆಯದ್ದು (ಜೆನ್4) ಆಗಿದ್ದರೆ ಹಾಕಬಹುದು. ಸೋನಿ ಸೆಕೆಂಡಿಗೆ 5,500 ಎಂಬಿ ಓದುವ ವೇಗ ಇರಲಿ ಅನ್ನುತ್ತದೆ. ಬಿಸಿ ಹೀರುವ ಲೋಹದ ಪಟ್ಟಿ, ಅಂದರೆ ಹೀಟ್‌ಸಿಂಕ್ ಬೇಕೇ ಬೇಕು, ಅದನ್ನು ಸೇರಿಸಿ ಒಟ್ಟು ದಪ್ಪ 11.25 ಮಿಲಿಮೀಟರ್ ದಾಟಬಾರದು. ಜೆನ್3, ಸಾಟಾ ನಡೆಯಲ್ಲ. ಹಾಕಿದ ಕೂಡಲೇ ಫಾರ್ಮ್ಯಾಟ್ ಕೇಳುತ್ತದೆ, ಫೋಟೊ ಗೀಟೊ ಇದ್ದರೆ ಮೊದಲೇ ತೆಗೆದಿಡಿ. ಮೊದಲ ಪಿಎಸ್5ನ 825 ಜಿಬಿಯಲ್ಲಿ ಕೈಗೆ ಸಿಗೋದು 667, ಹಾಗಾಗಿ ಪಿಸಿಯಿಂದ ಮೊದಲು ಬಿಚ್ಚಬೇಕಾದ್ದು ಇದನ್ನೇ. ಎಕ್ಸ್‌ಬಾಕ್ಸ್‌ಗೆ ಅದರದ್ದೇ ಕಾರ್ಡ್ ಬೇಕು.

ಕಡ್ಡಿ ಮುಟ್ಟದೇ ಇದ್ರೂ ಹೀರೋ ತಾನಾಗೇ ನಡೀತಾನೆ. ಹೊಸ ಕಂಟ್ರೋಲರ್ರೇ ಗತಿನಾ?

ಇದನ್ನು ಡ್ರಿಫ್ಟ್ ಅಂತಾರೆ. ಕಡ್ಡಿಯ ಕೆಳಗೆ ಉಜ್ಜುವ ಭಾಗ ಸವೆದೋ ಧೂಳು ಸೇರಿಯೋ ಆಗುತ್ತದೆ. ಹಿಂದೆ ಇರುವ ಪುಟ್ಟ ತೂತಿನಲ್ಲಿ ಪಿನ್ ಒತ್ತಿ ರೀಸೆಟ್ ಮಾಡಿ. ಕಡ್ಡಿಯನ್ನು ಓರೆ ಮಾಡಿ ಬುಡಕ್ಕೆ ಗಾಳಿ ಹೊಡೆಯಿರಿ. ಡೆಡ್ ಝೋನ್ ಸ್ವಲ್ಪ ಏರಿಸಿ. ವಾರಂಟಿ ಇದ್ದರೆ ಇಷ್ಟಕ್ಕೇ ನಿಲ್ಲಿಸಿ ಕಳಿಸಿ. ಮುಗಿದಿದ್ದರೆ, ಮೊಬೈಲ್ ಬೋರ್ಡ್‌ಗೆ ಸೂಕ್ಷ್ಮ ಸೋಲ್ಡರಿಂಗ್ ಮಾಡುವವರು ಊರಲ್ಲೇ ಇರ್ತಾರೆ, ಅವರ ಹತ್ತಿರ ಕಡ್ಡಿಯ ಭಾಗ ಬದಲಾಯಿಸಿಸಿ. ಉಜ್ಜುವಿಕೆ ಇಲ್ಲದೆ ಆಯಸ್ಕಾಂತದಲ್ಲಿ ಕೆಲಸ ಮಾಡುವ ಹಾಲ್ ಎಫೆಕ್ಟ್ ಮಾದರಿ ಸಿಕ್ಕರೆ ಅದನ್ನೇ ಹಾಕಿಸಿ.

ಕನ್ಸೋಲ್ ಬಂತಲ್ಲ, ಪಿಸಿ ಮಾರಿಬಿಡ್ಲಾ?

ಒಂದು ಮಳೆಗಾಲ ಕಳೆಯಲಿ. ಅಷ್ಟರಲ್ಲಿ ಕಂಟ್ರೋಲರ್ ಕೈಗೆ ಹತ್ತಿತಾ, ಸ್ಟೀಮ್‌ನ ಹಳೇ ಗೇಮ್ ನೆನಪಾಗ್ತಾ ಇದೆಯಾ ಗೊತ್ತಾಗುತ್ತದೆ. ಗೇಮ್ ಬಿಟ್ಟು ಬೇರೆ ಕೆಲಸಕ್ಕೂ ಪಿಸಿ ಬೇಕಾಗಿದ್ದರೆ ಗ್ರಾಫಿಕ್ಸ್ ಕಾರ್ಡ್ ಮಾತ್ರ ಮಾರಿ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹೌದಾ ಎಂದು ನೋಡಿಕೊಂಡು. ಪೂರ್ತಿ ಮಾರುವುದೇ ಆದರೆ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಬ್ಯಾಂಕ್ ಕಾಗದಪತ್ರ ಇರುವ ಡ್ರೈವ್ ಕಿತ್ತು ಇಟ್ಟುಕೊಳ್ಳಿ. ಮಾರಿದ ಮೇಲೆ ಸ್ಟೀಮ್‌ನಲ್ಲಿ ಎಲ್ಲಾ ಸಾಧನಗಳಿಂದ ಲಾಗೌಟ್ ಒತ್ತಿ.